ಫೋನಿಗೊಂದು ತೊಟ್ಟಿಲು

ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಕಟ್ಟಿದವನು ಯಾರೋ ನನಗೆ ಗೊತ್ತಿಲ್ಲ. ಆದರೆ ಅವನು ಖಂಡಿತವಾಗಿ ಒಂದು ಫ್ಯಾನ್ಸಿ ಸ್ಟೋರ್ ಇಟ್ಟುಕೊಂಡಿದ್ದ. ಇಲ್ಲದಿದ್ದರೆ ನನ್ನ ಸಂಕಟ ಅವನಿಗೆ ಇಷ್ಟು ಕರಾರುವಾಕ್ಕಾಗಿ ಹೇಗೆ ತಿಳಿಯಬೇಕು?

ನನ್ನದೂ ಒಂದು ಫ್ಯಾನ್ಸಿ ಸ್ಟೋರ್. ಕ್ಲಿಪ್ಪು, ರಿಬ್ಬನ್ನು, ನೀರಿನ ಬಾಟಲಿ, ಪೆನ್ಸಿಲ್ ಡಬ್ಬಿ, ಫೋನಿನ ಕವರು, ಮಕ್ಕಳ ಆಟದ ಸಾಮಾನು ಎಲ್ಲ ಸಿಗುತ್ತದೆ. ಮೊದಲೆಲ್ಲ ಈ ವ್ಯಾಪಾರ ಮರ್ಯಾದೆಯಿಂದ ನಡೆಯುತ್ತಿತ್ತು. ಗಿರಾಕಿ ಬಂದು "ಏನಿದೆ?" ಎಂದು ಕೇಳುತ್ತಿದ್ದ, ನಾನು ಇದ್ದದ್ದನ್ನು ತೋರಿಸುತ್ತಿದ್ದೆ, ಅವನು ತೆಗೆದುಕೊಂಡು ಹೋಗುತ್ತಿದ್ದ. ಇಂಟರ್‌ನೆಟ್ ಬಂದ ಮೇಲೆ ಗಿರಾಕಿ ತನ್ನ ಫೋನನ್ನು ನನ್ನ ಮೂಗಿಗೆ ಹಿಡಿದು "ಇದು ಇದೆಯಾ?" ಎನ್ನುತ್ತಾನೆ. ಇರುವುದಿಲ್ಲ. ಪ್ರಪಂಚದ ಯಾವುದೋ ಮೂಲೆಯಲ್ಲಿ ಯಾವಳೋ ಒಬ್ಬ ಹುಡುಗಿ ಬೆರಳ ಮೇಲೆ ಏನನ್ನೋ ಗಿರಗಿರ ತಿರುಗಿಸಿರುತ್ತಾಳೆ. ಮಾರನೆಯ ದಿನ ನಮ್ಮ ಬೀದಿಯ ಮಕ್ಕಳೆಲ್ಲ ಅದೇ ಬೇಕೆಂದು ನೆಲದಲ್ಲಿ ಬಿದ್ದು ಹೊರಳಾಡುತ್ತವೆ. ನಾನು ಎದ್ದೆನೋ ಬಿದ್ದೆನೋ ಎಂದು ಓಡಿ, ಆರ್ಡರ್ ಕೊಟ್ಟು, ಪೆಟ್ಟಿಗೆಗಟ್ಟಲೆ ತರಿಸಿ ಅಂಗಡಿಯ ಬಾಗಿಲ ತುಂಬ ತೂಗುಹಾಕುವ ಹೊತ್ತಿಗೆ ಆ ಹುಡುಗಿ ತಿರುಗಿಸುವುದನ್ನು ಬಿಟ್ಟು ಹಿಸುಕುವುದಕ್ಕೆ ಶುರುಮಾಡಿರುತ್ತಾಳೆ. ನಾನು ಹಿಸುಕುವುದನ್ನು ತರಿಸಿದರೆ ಅವಳು ಒತ್ತುವುದಕ್ಕೆ ಹೋಗಿರುತ್ತಾಳೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ವಿದ್ಯೆಯಲ್ಲಿ ನನ್ನಷ್ಟು ಪಳಗಿದವರು ಈ ಪೇಟೆಯಲ್ಲಿ ಇನ್ನೊಬ್ಬರಿಲ್ಲ.

ನಮ್ಮ ಎದುರಂಗಡಿಯವನಿಗೆ ಇದು ಚೆನ್ನಾಗಿ ಗೊತ್ತು. ಅವನು ಬಲು ವಿನಯವಂತ. "ಅಣ್ಣಾ, ನಿಮ್ಮ ಉಪಕಾರ ಮರೆಯೋ ಹಾಗಿಲ್ಲ. ನೀವು ಬಾಗಿಲಿಗೆ ಏನು ತೂಗುಹಾಕ್ತೀರೋ ನೋಡ್ಕೊಂಡು, ನಾನು ಅದನ್ನ ತರಿಸೋದು ನಿಲ್ಲಿಸ್ತೀನಿ" ಎಂದು ಒಂದು ದಿನ ನನ್ನ ಕೈ ಹಿಡಿದುಕೊಂಡು ಹೇಳಿದ. ಆಮೇಲೆ ಟೀ ಕುಡಿಸಿದ. ಟೀ ಚೆನ್ನಾಗಿತ್ತು.

ಈಗ ತಾವು ಕೇಳಬಹುದು, ಹೀಗೆ ಕಾಲವಾದ ಟ್ರೆಂಡುಗಳೆಲ್ಲ ಎಲ್ಲಿಗೆ ಹೋಗುತ್ತವೆ ಎಂದು. ನಮ್ಮ ಮನೆಯ ನಡುಕೋಣೆಗೆ ಹೋಗುತ್ತವೆ. ಬಾಗಿಲು ತೆರೆದರೆ ಹಿಸುಕುವ ಗೊಂಬೆಗಳು ಮೈಮೇಲೆ ಉರುಳುತ್ತವೆ. ಗೋಡೆಯುದ್ದಕ್ಕೂ ವಿಡಿಯೋ ತೆಗೆಯುವವರ ದುಂಡು ದೀಪಗಳು. ನನ್ನ ಹೆಂಡತಿ ಇವುಗಳಿಗೆಲ್ಲ ಸದ್ಗತಿ ಕಾಣಿಸುವುದಕ್ಕೆ ತುಂಬ ಪ್ರಯತ್ನಪಟ್ಟಿದ್ದಾಳೆ. ಬೆರಳ ಮೇಲೆ ತಿರುಗುವ ಬುಗುರಿಗಳು ಫ್ರಿಜ್ಜಿನ ಕಾಲಡಿ ಕೂತಿವೆ. ಗುಳ್ಳೆ ಒತ್ತುವ ರಬ್ಬರ್ ಹಲಗೆ ಬಚ್ಚಲಿನ ಕಾಲೊರಸು ಆಗಿದೆ. (ಸ್ನಾನ ಮಾಡಿ ಹೊರಗೆ ಕಾಲಿಟ್ಟರೆ ಪಟಪಟ ಸದ್ದು ಬರುತ್ತದೆ; ಮನೆಯಲ್ಲಿ ಯಾರು ಯಾವಾಗ ಸ್ನಾನ ಮುಗಿಸಿದರೆಂದು ಬೀದಿಗೆಲ್ಲ ತಿಳಿಯುತ್ತದೆ.) ಆದರೂ ಕೋಣೆ ಮಾತ್ರ ಒಂದು ಗೇಣೂ ಖಾಲಿಯಾಗಿರಲಿಲ್ಲ.

ತೊಂದರೆ ಬಂದದ್ದು ಮಗಳಿಂದ. ನಮ್ಮ ಪುಟ್ಟಿ ಈ ವರ್ಷ ಕಾಲೇಜಿಗೆ ಸೇರಿದ್ದಳು. ಅವಳು ಮಲಗುವುದು, ಓದುವುದು ಎಲ್ಲ ಹಾಲ್‌ನಲ್ಲಿ, ನನ್ನ ಅಮ್ಮನ ಜೊತೆ. ಅಮ್ಮನಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಟಿವಿ ಸ್ವಲ್ಪ ಜೋರು. ಪುಟ್ಟಿ ಪುಸ್ತಕ ಹಿಡಿದುಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು, ಅಲ್ಲಿಂದ ಮೆಟ್ಟಿಲಿಗೆ, ಮೆಟ್ಟಿಲಿನಲ್ಲಿ ಮೇಲಿನ ಮನೆಯವರು ಓಡಾಡಿದರೆ ಮತ್ತೆ ಹಾಲ್‌ಗೆ. ಬೆಕ್ಕು ಮರಿ ಹೊತ್ತುಕೊಂಡು ತಿರುಗಿದ ಹಾಗೆ ಆ ಹುಡುಗಿ ಪುಸ್ತಕ ಹೊತ್ತುಕೊಂಡು ತಿರುಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಆ ಸಂಕಟವನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ, ಯಾಕೆಂದರೆ ಹೇಳಿದರೆ ಹೆಂಡತಿ ಕೇಳಿಸಿಕೊಂಡುಬಿಡುತ್ತಾಳೆ.

ನಾನು ಹೇಳದೆಯೇ ಅವಳು ಕೇಳಿಸಿಕೊಂಡಳು.

"ರೀ, ತರಗತಿ ಶುರುವಾಗೋದರೊಳಗೆ ಆ ರೂಮು ಖಾಲಿಯಾಗಬೇಕು."

"ಖಾಲಿ ಮಾಡಿ ಎಲ್ಲಿಗೆ ಹಾಕೋದು? ಅದು ಬಂಡವಾಳ ಕಣೇ."

"ಬಂಡವಾಳ ಅಂದ್ರೆ ಬೆಳೀಬೇಕು. ಇದು ಬೆಳೀತಿರೋದು ಅಗಲಕ್ಕೆ ಮಾತ್ರ. ಗುಜರಿಯವನನ್ನ ಕರೆಸ್ತೀನಿ."

ಗುಜರಿ! ನನ್ನ ಹೆಂಡತಿ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್‌ನಲ್ಲಿ ಟೋಕನ್ ಕೊಟ್ಟು ಹೆಸರು ಕರೆಯುವ ಕೆಲಸದಲ್ಲಿದ್ದಾಳೆ. ಅಲ್ಲಿ "ಮುಂದಿನವರು!" ಎಂದಳೆಂದರೆ ಹಲ್ಲುನೋವಿದ್ದವರು ನೋವು ಮರೆತು ಎದ್ದು ನಿಲ್ಲುತ್ತಾರಂತೆ. ಅದೇ ದನಿಯಲ್ಲಿ ಮನೆಯಲ್ಲೂ ಮಾತಾಡುತ್ತಾಳೆ.

"ಒಂದೇ ಒಂದು ಅವಕಾಶ ಕೊಡು" ಎಂದೆ. "ಇಷ್ಟು ದಿನ ನಾನು ಟ್ರೆಂಡಿನ ಹಿಂದೆ ಓಡಿದೆ, ಅದೇ ತಪ್ಪು. ಈ ಸಲ ಮುಂದೆ ಹೋಗಿ ನಿಂತ್ಕೋತೀನಿ. ಅದು ಬಂದು ನನಗೇ ಡಿಕ್ಕಿ ಹೊಡೀಬೇಕು."

"ಅಂದ್ರೆ?"

"ಮುಂದೆ ಏನು ಬರುತ್ತೆ ಅಂತ ಮೊದಲೇ ಭವಿಷ್ಯ ಹೇಳಿ, ಮೊದಲೇ ತರಿಸಿ, ಮೊದಲೇ ಮಾರಿ, ಆ ಹುರುಪಲ್ಲಿ ಹಳೇದನ್ನೂ ಸಾಗಹಾಕಿ, ರೂಮು ಖಾಲಿ ಮಾಡಿ ಪುಟ್ಟಿಗೆ ಬೀಗದ ಕೈ ಕೊಡ್ತೀನಿ."

"ಆಗದೇ ಹೋದ್ರೆ?"

"ಗುಜರಿಯವನನ್ನ ಕರೆಸು. ಆಮೇಲೆ ನಿನ್ನ ಕೇಳದೆ ಒಂದು ಪಿನ್ನೂ ಆರ್ಡರ್ ಮಾಡಲ್ಲ."

ಮೂಲೆಯಲ್ಲಿ ಕೂತಿದ್ದ ಅಮ್ಮ ಟಿವಿಯ ಸದ್ದು ಕಮ್ಮಿ ಮಾಡಿದರು. "ಅದೇನೋ ಟ್ರೆಂಡು ಟ್ರೆಂಡು ಅಂತೀಯಲ್ಲ, ಅದು ಎಲ್ಲಿಂದ ಬರುತ್ತೋ?"

"ಇಂಟರ್‌ನೆಟ್ಟಿಂದಮ್ಮ."

"ಯಾವಾಗ ಬರುತ್ತೆ ಅಂತ ಹೇಳೋಕಾಗಲ್ವಾ?"

"ಆಗಲ್ಲ."

"ನಮ್ಮ ನಲ್ಲಿ ನೀರಿನ ಹಾಗೆ ಅನ್ನು" ಎಂದು ಮತ್ತೆ ಸದ್ದು ಜೋರು ಮಾಡಿದರು.

ಅಂದಿನಿಂದ ನನ್ನ ಮಹಾ ಸಂಶೋಧನೆ ಆರಂಭವಾಯಿತು. ಊಟವಾದ ಕೂಡಲೇ ಕುರ್ಚಿಯಲ್ಲಿ ಒರಗಿ, ಕಾಲು ಚಾಚಿ, ಫೋನಿನಲ್ಲಿ ಲೋಕವ್ಯಾಪಾರವನ್ನು ಅವಲೋಕಿಸುತ್ತಿದ್ದೆ. (ಹೆಂಡತಿ ಈ ಕಾರ್ಯವನ್ನು ಬೇರೆ ಹೆಸರಿನಿಂದ ಕರೆಯುತ್ತಿದ್ದಳು. ಆ ಪದ ಇಲ್ಲಿ ಬೇಡ.) ಒಬ್ಬ ಕೊಳಕು ಕಂಬಳಿ ತೊಳೆಯುತ್ತಾನೆ, ಲಕ್ಷಾಂತರ ಜನ ನೋಡುತ್ತಾರೆ. ಒಬ್ಬಳು ಸೋಪನ್ನು ಚಾಕುವಿನಿಂದ ಹೋಳು ಮಾಡುತ್ತಾಳೆ, ಅದಕ್ಕೂ ಲಕ್ಷಾಂತರ ಜನ. ಇನ್ನೊಬ್ಬ ಗಡ್ಡದವನು ಬೆಟ್ಟದ ತುದಿಯಲ್ಲಿ ಕೂತು "ಫೋನು ನೋಡೋದು ಬಿಡಿ, ಬದುಕು ನೋಡಿ" ಎಂದು ಉಪದೇಶ ಮಾಡುತ್ತಾನೆ. ಅವನನ್ನಂತೂ ಜನ ಫೋನು ಕೆಳಗಿಡದೆ ಮತ್ತೆ ಮತ್ತೆ ನೋಡುತ್ತಿದ್ದರು.

ಅಲ್ಲೇ ನನಗೆ ಜ್ಞಾನೋದಯವಾಯಿತು. ಜನ ದಣಿದಿದ್ದಾರೆ! ಅವರಿಗೆ ಫೋನಿನಿಂದ ಬಿಡುಗಡೆ ಬೇಕು. ಆದರೆ ಸುಮ್ಮನೆ ಕೆಳಗಿಡಿ ಎಂದರೆ ಇಡುವುದಿಲ್ಲ. ಅದಕ್ಕೊಂದು ಆಟ ಬೇಕು, ಒಂದು ವೈಭವ ಬೇಕು. ಮಗುವನ್ನು ಮಲಗಿಸಿದ ಹಾಗೆ ಫೋನನ್ನು ಮಲಗಿಸುವುದು! ಅಂಗೈಯಗಲದ ಮರದ ತೊಟ್ಟಿಲು, ಅದರಲ್ಲಿ ಪುಟ್ಟ ಹಾಸಿಗೆ, ಪುಟ್ಟ ಹೊದಿಕೆ. ಸಂಜೆಯಾದರೆ ಮನೆಮನೆಯಲ್ಲಿ ಫೋನನ್ನು ತೊಟ್ಟಿಲಿಗೆ ಹಾಕಿ ತೂಗಿ, ಆ ವಿಡಿಯೋವನ್ನು ಇಂಟರ್‌ನೆಟ್ಟಿಗೆ ಹಾಕುತ್ತಾರೆ. ಜಗತ್ತೇ ತೂಗುತ್ತದೆ. ಆಹಾ! ನನಗೆ ನಾನೇ ಶಭಾಶ್ ಹೇಳಿಕೊಂಡೆ, ಬೇರೆಯವರು ಹೇಳುವ ಸೂಚನೆ ಇರಲಿಲ್ಲವಾದ್ದರಿಂದ.

ಮರಗೆಲಸದವನೊಬ್ಬನಿದ್ದಾನೆ, ಏನು ಹೇಳಿದರೂ "ಆಯ್ತಣ್ಣ" ಎನ್ನುವುದರಿಂದ ಅವನ ಹೆಸರೇ ಆಯ್ತಣ್ಣ ಎಂದಾಗಿದೆ. ಅವನಿಗೆ ಅಳತೆ ಕೊಟ್ಟು "ಒಂದು ರೂಮು ತುಂಬ ಬೇಕು" ಎಂದೆ.

"ಆಯ್ತಣ್ಣ. ಮಗು ಯಾರದು?"

"ಮಗು ಅಲ್ಲಪ್ಪ, ಫೋನಿಗೆ."

ಅವನು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ತಲೆ ಕೆರೆದುಕೊಂಡ. "ಆಯ್ತಣ್ಣ" ಎಂದ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಜನ ನಗುತ್ತಾರೆ. ನಾನು ಹುಟ್ಟದ ಕೂಸಿಗೆ ಒಂದು ಲಾರಿ ತೊಟ್ಟಿಲು ಮಾಡಿಸಿದೆ. ನಡುಕೋಣೆಯಲ್ಲಿ ನಿಲ್ಲುವುದಕ್ಕೆ ಮಿಕ್ಕಿದ್ದ ಜಾಗವೂ ತುಂಬಿಹೋಯಿತು. ಪುಟ್ಟಿ ಬಾಗಿಲಲ್ಲಿ ನಿಂತು ಒಳಗೆ ಇಣುಕಿ, "ಅಪ್ಪಾ, ನೀನು ರೂಮು ಖಾಲಿ ಮಾಡ್ತೀನಿ ಅಂದಿದ್ದೆ ಅಲ್ವಾ?" ಎಂದಳು. "ಖಾಲಿ ಆಗಬೇಕಾದ್ರೆ ಮೊದಲು ತುಂಬಬೇಕು ಕಣಮ್ಮ" ಎಂದೆ. ಅವಳು ಪುಸ್ತಕ ತೆಗೆದುಕೊಂಡು ಮೆಟ್ಟಿಲಿಗೆ ಹೋದಳು.

ತೊಟ್ಟಿಲನ್ನು ಮಾರಾಟಕ್ಕೆ ಬಿಡುವ ದಿನ ಬೆಳಿಗ್ಗೆ ಮನೆಮಂದಿಯನ್ನೆಲ್ಲ ಹಾಲ್‌ನಲ್ಲಿ ಸೇರಿಸಿದೆ.

"ಎಲ್ಲರೂ ಕೇಳಿ. ಇವತ್ತಿನಿಂದ ಜಗತ್ತು ಬದಲಾಗುತ್ತೆ."

"ಬದಲಾಗೋಕೆ ಮುಂಚೆ ಒಲೆ ಮೇಲಿರೋ ಹಾಲು ಇಳಿಸಿ ಬನ್ನಿ" ಎಂದಳು ಹೆಂಡತಿ. ಇಳಿಸಿ ಬಂದೆ.

ಮೇಜಿನ ಮೇಲೆ ತೊಟ್ಟಿಲಿಟ್ಟೆ. ನನ್ನ ಫೋನನ್ನು ಅದರಲ್ಲಿ ಮಲಗಿಸಿ, ಕರವಸ್ತ್ರ ಹೊದಿಸಿ, ಒಂದು ಬೆರಳಿನಿಂದ ಮೆಲ್ಲಗೆ ತೂಗಿದೆ. ಎಷ್ಟು ಮುದ್ದಾಗಿತ್ತು ಅಂತೀರಿ! ಅಮ್ಮ ಕೂಡ ಟಿವಿ ನಿಲ್ಲಿಸಿ ನೋಡಿದರು. "ಈಗ ಇದರ ವಿಡಿಯೋ ತೆಗೆದು ಹಾಕಿದರೆ ಸಂಜೆಯೊಳಗೆ ಇಡೀ ಲೋಕ ನೋಡುತ್ತೆ" ಎಂದು ಹೇಳಿ ಅಂಗಿಯ ಜೇಬು ತಡಕಿದೆ. ಫೋನಿಲ್ಲ. ಪ್ಯಾಂಟಿನ ಜೇಬು ತಡಕಿದೆ. ಅಲ್ಲೂ ಇಲ್ಲ.

"ನನ್ನ ಫೋನ್ ಎಲ್ಲಿ?"

"ಮಲಗಿದೆ" ಎಂದಳು ಹೆಂಡತಿ.

ತೊಟ್ಟಿಲಿನಿಂದ ಫೋನು ತೆಗೆದು ಕ್ಯಾಮೆರಾ ಹಾಕಿ ಹಿಡಿದೆ. ತೊಟ್ಟಿಲು ಖಾಲಿ. ಫೋನನ್ನು ಮತ್ತೆ ಮಲಗಿಸಿದೆ. ಕೈ ಖಾಲಿ. ತೆಗೆದೆ, ತೊಟ್ಟಿಲು ಖಾಲಿ. ಇಟ್ಟೆ, ಕೈ ಖಾಲಿ. ಯಾಕೋ ಒಂದು ಸಲವಾದರೂ ಎರಡೂ ಒಟ್ಟಿಗೆ ಆದೀತು ಎನ್ನುವ ಆಸೆಯಿಂದ ಮತ್ತೂ ನಾಲ್ಕಾರು ಸಲ ಪ್ರಯತ್ನಿಸಿದೆ.

"ಏನೋ ಅದು! ಮಲಗಿರೋ ಕೂಸನ್ನ ಪದೇ ಪದೇ ಎತ್ತಿದ್ರೆ ಅಳಲ್ವೇನೋ?" ಎಂದು ಅಮ್ಮ ಗದರಿದರು.

ಪುಟ್ಟಿಗೆ ನಗು ತಡೆಯಲಾಗಲಿಲ್ಲ. "ಅಪ್ಪಾ, ಫೋನ್ ಮಲಗಿಸೋ ವಿಡಿಯೋ ತೆಗಿಯೋಕೆ ಇನ್ನೊಂದು ಫೋನ್ ಎದ್ದಿರಬೇಕು."

"ಅದಕ್ಕೇನಂತೆ, ನಿಮ್ಮಮ್ಮನ ಫೋನಿದೆಯಲ್ಲ!"

"ಆಮೇಲೆ ನನ್ನ ಫೋನ್ ಮಲಗಿಸೋ ವಿಡಿಯೋ ಯಾರು ತೆಗೀತಾರೆ?" ಎಂದಳು ಹೆಂಡತಿ.

"ಪುಟ್ಟಿ ಫೋನು."

"ಪುಟ್ಟಿ ಫೋನಿಂದು?"

"ಪಕ್ಕದ ಮನೆಯವರ..." ಎಂದು ಶುರುಮಾಡಿ ನಿಲ್ಲಿಸಿದೆ. ಲೆಕ್ಕ ಹಾಕುತ್ತ ಹೋದರೆ ಲೋಕದಲ್ಲಿ ಯಾವನೋ ಒಬ್ಬ ಬಡಪಾಯಿಯ ಫೋನು ಎಂದೆಂದಿಗೂ ನಿದ್ದೆಗೆಟ್ಟು ಕೂರಬೇಕಾಗುತ್ತದೆ. ಅಷ್ಟರಲ್ಲಿ ತೊಟ್ಟಿಲಲ್ಲಿದ್ದ ಫೋನು ಗುರ್ರ್ ಎಂದು ಅದುರಿ, ತೊಟ್ಟಿಲು ತನ್ನಷ್ಟಕ್ಕೆ ತೂಗಿಕೊಳ್ಳತೊಡಗಿತು. ಆಯ್ತಣ್ಣನ ಕರೆ. ಮಿಕ್ಕ ತೊಟ್ಟಿಲುಗಳನ್ನೂ ಕಳಿಸಿದ್ದಾನಂತೆ.

ಆದರೂ ನಾನು ಛಲ ಬಿಡಲಿಲ್ಲ. ಅಂಗಡಿಯ ಬಾಗಿಲ ತುಂಬ ತೊಟ್ಟಿಲು ತೂಗುಹಾಕಿದೆ. ಎದುರಂಗಡಿಯವನು ನೋಡಿ, ಕಣ್ಣಲ್ಲೇ ಕೃತಜ್ಞತೆ ಸೂಚಿಸಿ ಒಳಗೆ ಹೋದ. ಕೆಲವರು ಏನೋ ಹೊಸದೆಂದು ಕೊಂಡರು, ಕೊಂಡವರು ವಾಪಸ್ ತಂದರು. ಒಬ್ಬನಿಗೆ ಹೊದಿಕೆಯಡಿಯಲ್ಲಿ ಅಲಾರಂ ಕೇಳಿಸದೆ ಕೆಲಸಕ್ಕೆ ತಡವಾಗಿತ್ತು. ಇನ್ನೊಬ್ಬ ಹೆಂಗಸು ತೊಟ್ಟಿಲನ್ನು ಕೌಂಟರಿನ ಮೇಲೆ ಕುಕ್ಕಿ, "ತಗೊಳ್ಳಿ ಇದನ್ನ. ಫೋನ್ ಮಲಗಿಸಿ ನಮ್ಮನೆಯವರು ನನ್ನ ಮುಖ ನೋಡೋಕೆ ಶುರುಮಾಡಿದ್ರು. ಎರಡು ದಿನದಿಂದ ಬರೀ ಜಗಳ" ಎಂದಳು. ನಾನು ವಾಪಸ್ ತೆಗೆದುಕೊಂಡೆ.

"ಭಾನುವಾರ ಗುಜರಿಯವನು ಬರ್ತಾನೆ" ಎಂದಳು ಹೆಂಡತಿ. ನಾನು ಹೂಂ ಎಂದೆ. ಮಾತು ಕೊಟ್ಟಿದ್ದೆನಲ್ಲ.

ಇಲ್ಲಿ ನನ್ನ ಅಮ್ಮನ ಹಲ್ಲಿನ ವಿಷಯ ಹೇಳಬೇಕು. ಅಮ್ಮನದು ಕಟ್ಟಿಸಿದ ಹಲ್ಲಿನ ಸೆಟ್ಟು, ಸೊಸೆಯ ಕ್ಲಿನಿಕ್‌ನಲ್ಲೇ ಕಟ್ಟಿಸಿದ್ದು. ಮಲಗುವಾಗ ಅದನ್ನು ತೆಗೆದು ನೀರಿನ ಲೋಟದಲ್ಲಿಡಬೇಕು ಎನ್ನುವುದು ಡಾಕ್ಟರಮ್ಮನ ಆಜ್ಞೆ. ಅಮ್ಮ ಇಡುತ್ತಿರಲಿಲ್ಲ. "ಲೋಟದಲ್ಲಿಟ್ರೆ ಅದು ನನ್ನನ್ನೇ ನೋಡಿ ನಗುತ್ತೆ ಕಣೋ, ಹೆದರಿಕೆಯಾಗುತ್ತೆ" ಎನ್ನುತ್ತಿದ್ದರು. ಹಾಗಾಗಿ ಎಲ್ಲಾದರೂ ಬಚ್ಚಿಟ್ಟು, ಎಲ್ಲಿಟ್ಟೆನೆಂದು ಮರೆಯುತ್ತಿದ್ದರು. ಬೆಳಗಾದರೆ ನಮ್ಮ ಮನೆಯಲ್ಲಿ ಹಲ್ಲು ಹುಡುಕುವ ಕಾರ್ಯಕ್ರಮ. ಟಿವಿಯ ಹಿಂದೆ, ಸಕ್ಕರೆ ಡಬ್ಬಿಯ ಪಕ್ಕ, ಒಂದು ಸಲ ನನ್ನ ಶೂ ಒಳಗೆ. ಅಂದು ಅಂಗಡಿಗೆ ಹೊರಟವನು ಶೂ ಹಾಕಿಕೊಂಡು ಕಿರುಚಿದೆ. ನಮ್ಮಮ್ಮ ನನ್ನ ಕಾಲು ಕಚ್ಚಿದರು ಎಂದು ಎದುರಂಗಡಿಯವನಿಗೆ ಹೇಳಿದರೆ ಅವನು ಇಂದಿಗೂ ನಂಬಿಲ್ಲ.

ಗುಜರಿಯವನು ಬರುವುದಕ್ಕೆ ಮುಂಚಿನ ದಿನಗಳಲ್ಲಿ ಯಾಕೋ ಹಲ್ಲು ಹುಡುಕುವ ಗಲಾಟೆ ನಿಂತುಹೋಗಿತ್ತು. ಬೆಳಿಗ್ಗೆ ಎದ್ದರೆ ಅಮ್ಮನ ಬಾಯಲ್ಲಿ ಹಲ್ಲು ಹಾಜರು. ಹೆಂಡತಿಗೆ ಅನುಮಾನ ಬಂತು. ಒಂದು ಸಂಜೆ ಊಟ ಮುಗಿದ ಮೇಲೆ ಪುಟ್ಟಿ ಬಾಗಿಲ ಸಂದಿಯಿಂದ ನಮ್ಮಿಬ್ಬರನ್ನು ಕೈಸನ್ನೆ ಮಾಡಿ ಕರೆದಳು. ನೋಡಿದರೆ ಅಮ್ಮ ಹಾಸಿಗೆಯ ಪಕ್ಕದಲ್ಲಿ ನನ್ನ ತೊಟ್ಟಿಲೊಂದನ್ನು ಇಟ್ಟುಕೊಂಡು, ಹಲ್ಲಿನ ಸೆಟ್ಟನ್ನು ಅದರಲ್ಲಿ ಮಲಗಿಸಿ, ನಗು ಕಾಣದ ಹಾಗೆ ಕರವಸ್ತ್ರ ಹೊದಿಸಿ, ತೂಗುತ್ತ ಬೊಚ್ಚು ಬಾಯಲ್ಲಿ ಹಾಡುತ್ತಿದ್ದಾರೆ:

ಜೋ ಜೋ ಮಲಗು ನನ್ನ ಹಲ್ಲಿನ ಸಾಲೇ,
ಅಗಿದದ್ದು ಸಾಕು ಇವತ್ತಿನ ಪಾಲೇ,
ಸೊಸೆ ಬಂದರೆ ಬಾಯಿ ಬಿಡಬೇಡ ಈಗಲೇ,
ಬೆಳಗಾಗಲಿ ತಾಳು, ಕಡಿಯೋಣ ಆಮೇಲೆ!

ಹೆಂಡತಿ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. ನಗುತ್ತಲೇ ಒಳಗೆ ಹೋಗಿ, "ಅತ್ತೆ, ಒಣಗಿದ್ರೆ ಸೀಳು ಬಿಡುತ್ತೆ, ನೀರಲ್ಲೇ ಮಲಗಬೇಕು ಅದು" ಎಂದು ಒಂದು ಪುಟ್ಟ ಡಬ್ಬಿಗೆ ನೀರು ಹಾಕಿ ತೊಟ್ಟಿಲಲ್ಲಿಟ್ಟಳು. "ಹಾಗಾದ್ರೆ ಇದು ತೊಟ್ಟಿಲಲ್ಲ, ದೋಣಿ" ಎಂದರು ಅಮ್ಮ. ಪುಟ್ಟಿ ಇದನ್ನೆಲ್ಲ ತನ್ನ ಫೋನಿನಲ್ಲಿ ಚಿತ್ರೀಕರಿಸಿಕೊಂಡು, ಅಜ್ಜಿಯ ಒಪ್ಪಿಗೆ ಕೇಳಿ ("ತುರುಬು ಸರಿಯಾಗಿ ಕಾಣುತ್ತಾ? ಹಾಗಾದ್ರೆ ಹಾಕು") ಇಂಟರ್‌ನೆಟ್ಟಿಗೆ ಹಾಕಿದಳು.

ಮಾರನೆಯ ಬೆಳಿಗ್ಗೆ ಪುಟ್ಟಿಯ ಫೋನು ನಿಲ್ಲಿಸದೆ ಟಿಣ್ ಟಿಣ್ ಎನ್ನುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹೆಂಡತಿ ಕ್ಲಿನಿಕ್‌ನಿಂದ ಕರೆಮಾಡಿದಳು. "ರೀ, ಇಲ್ಲಿ ಕೂತಿರೋರೆಲ್ಲ ಅತ್ತೆ ಹಾಡೇ ಕೇಳ್ತಿದ್ದಾರೆ. ಡಾಕ್ಟರಮ್ಮ ಹಲ್ಲು ಕೀಳ್ತಾ ಕೀಳ್ತಾ ಗುನುಗ್ತಿದ್ದಾರೆ. ತೊಟ್ಟಿಲು ಎಲ್ಲಿ ಸಿಗುತ್ತೆ ಅಂತ ಎಲ್ಲರೂ ನನ್ನ ಪ್ರಾಣ ತಿಂತಿದ್ದಾರೆ. ಒಂದು ಪೆಟ್ಟಿಗೆ ಕಳಿಸಿ!" ಅಷ್ಟು ವರ್ಷದ ಸಂಸಾರದಲ್ಲಿ ನನ್ನ ಸ್ಟಾಕನ್ನು ಅವಳು ಕಳಿಸಿ ಎಂದು ಕೇಳಿದ್ದು ಅದೇ ಮೊದಲು. ನಾನು ಇನ್ನೊಂದು ಸಲ ಹೇಳಿಸಿಕೊಂಡೆ.

ಆಮೇಲೆ ಆದದ್ದನ್ನು ಏನು ಹೇಳಲಿ! ಕಂಡ ಕಂಡ ಊರುಗಳ ಅಜ್ಜ ಅಜ್ಜಿಯರು ತಮ್ಮ ತಮ್ಮ ಹಲ್ಲುಗಳನ್ನು ಮಲಗಿಸಿ ಹಾಡತೊಡಗಿದರು. ಒಬ್ಬ ಅಜ್ಜ ಮೇಲಿನ ಸಾಲಿಗೊಂದು, ಕೆಳಗಿನ ಸಾಲಿಗೊಂದು ತೊಟ್ಟಿಲು ಕೊಂಡ, ಎರಡೂ ಒಟ್ಟಿಗೆ ಮಲಗಿದರೆ ಕಿತ್ತಾಡುತ್ತವೆ ಎಂದು. ಹಲ್ಲು ಗಟ್ಟಿಯಿರುವವರು ಸುಮ್ಮನೆ ಹೊಟ್ಟೆಕಿಚ್ಚಿನಿಂದ ನೋಡಬೇಕಾಯಿತು. ಗಾಳಿ ಬಂದಾಗ ತೂರಿಕೊ ಎನ್ನುವುದು ನನಗೂ ಗೊತ್ತು. ಆದರೆ ತೂರಿದ್ದೆಲ್ಲ ನನ್ನ ಹೆಂಡತಿ ಮತ್ತು ಮಗಳು. ಹಿಸುಕುವ ಗೊಂಬೆಯನ್ನು ತೊಟ್ಟಿಲಿಗೆ ದಿಂಬು ಮಾಡಿದಳು ಪುಟ್ಟಿ. ದುಂಡು ದೀಪವನ್ನು ತೊಟ್ಟಿಲ ಹಿಂದೆ ಚಂದ್ರನ ಹಾಗೆ ನಿಲ್ಲಿಸಿದಳು. ನೋಡಿದವರು ಅದೂ ಬೇಕು, ಇದೂ ಬೇಕು ಎಂದರು. ಭಾನುವಾರ ಗುಜರಿಯವನು ಗಾಡಿ ತಳ್ಳಿಕೊಂಡು ಬಂದಾಗ ಕೋಣೆಯಲ್ಲಿ ಅವನಿಗೆ ಕೊಡುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. ಅವನಿಗೂ ಬೇಸರವಾಗಲಿಲ್ಲ. "ಅಕ್ಕಾ, ಆ ಹಲ್ಲಿನ ತೊಟ್ಟಿಲು ನಿಮ್ಮದೇ ಅಂತಲ್ಲ, ನಮ್ಮಪ್ಪನಿಗೊಂದು ಕೊಡಿ" ಎಂದು ಕೊಂಡುಹೋದ.

ನಾನು ಎದೆ ಉಬ್ಬಿಸಿ ಓಡಾಡಿದೆ. ತೊಟ್ಟಿಲು ಬರುತ್ತದೆ ಎಂದು ಹೇಳಿದವನು ಯಾರು? ನಾನು! ಒಳಗೆ ಯಾರು ಮಲಗುತ್ತಾರೆ ಎನ್ನುವುದೊಂದು ಸಣ್ಣ ವಿವರ. ಒಂದು ವೆಬ್ ಚಾನೆಲ್‌ನ ಹುಡುಗಿ ಕ್ಯಾಮೆರಾ ಹಿಡಿದು ಮನೆಗೆ ಬಂದಾಗ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಮ್ಮನ ಪಕ್ಕದಲ್ಲಿ ನಿಂತು, "ಇದನ್ನೆಲ್ಲ ನಾನು ಬಹಳ ಹಿಂದೆಯೇ ಊಹಿಸಿದ್ದೆ..." ಎಂದು ಗಂಟಲು ಸರಿಮಾಡಿಕೊಂಡೆ.

"ಸರ್, ಸ್ವಲ್ಪ ಪಕ್ಕಕ್ಕೆ ಸರೀತೀರಾ? ಹಲ್ಲು ಕಾಣ್ತಿಲ್ಲ" ಎಂದಳು ಆ ಹುಡುಗಿ.

ಸರಿದೆ. ಇನ್ನೂ ಸ್ವಲ್ಪ ಎಂದಳು. ಕೊನೆಗೆ ಅಡುಗೆಮನೆಯಲ್ಲಿ ನಿಂತಿದ್ದೆ. ಅಲ್ಲಿಂದಲೇ ಎಲ್ಲರಿಗೂ ಟೀ ಮಾಡಿ ತಂದೆ.

ಕೋಣೆ ಖಾಲಿಯಾಯಿತು. ಗುಡಿಸಿ, ಒರೆಸಿ, ಕಿಟಕಿ ತೆರೆದಾಗ ಅಲ್ಲೊಂದು ಕಿಟಕಿ ಇದೆಯೆಂದು ನಮಗೆಲ್ಲ ನೆನಪಾಯಿತು. ಪುಟ್ಟಿ ಮೇಜು ಹಾಕಿಕೊಂಡಳು, ಪುಸ್ತಕ ಜೋಡಿಸಿಕೊಂಡಳು. ಬೀಗದ ಕೈಯನ್ನು ನಾನೇ ಅವಳ ಅಂಗೈಯಲ್ಲಿಟ್ಟೆ. ಅವಳು ನನ್ನನ್ನು ಒಂದು ಸಲ ತಬ್ಬಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಬಾಗಿಲು ಮುಚ್ಚಿದ ಸದ್ದು ಎಷ್ಟು ಇಂಪಾಗಿತ್ತೆಂದರೆ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ನಿಜ ಹೇಳುತ್ತೇನೆ, ನನ್ನ ಕಣ್ಣು ಒದ್ದೆಯಾಗಿತ್ತು.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದ್ದರೆ ನನಗೆ ಗೌರವ. ಆದರೆ ಒಂದು ಸಲ ಭವಿಷ್ಯ ನಿಜವಾದವನಿಗೆ ಸುಮ್ಮನೆ ಕೂರಲಾಗುತ್ತದೆಯೇ? ಕೂತು ಯೋಚಿಸಿದೆ. ಹಲ್ಲು ಮಲಗಿತು. ಅದರ ನಂತರ ಮಲಗುವುದು ಯಾವುದು? ಅಜ್ಜ ಅಜ್ಜಿಯರು ಹಲ್ಲು ತೆಗೆದ ಮೇಲೆ ಇನ್ನೇನು ತೆಗೆಯುತ್ತಾರೆ? ಕನ್ನಡಕ! ಸಣ್ಣ ಮಗುವಿಗೂ ತಿಳಿಯುವ ವಿಷಯ. ಕನ್ನಡಕಕ್ಕೊಂದು ಪುಟ್ಟ ಮಂಚ. ಅದಕ್ಕೂ ದಿಂಬು, ಅದಕ್ಕೂ ಹೊದಿಕೆ. ಹೆಂಡತಿಯನ್ನು ಕೇಳಬೇಕೆಂದು ಒಂದು ಮಾತಿತ್ತು, ಹೌದು. ಆದರೆ ಅದು ಸೋತರೆ ಆಡಿದ ಮಾತು, ನಾನು ಗೆದ್ದಿದ್ದೆನಲ್ಲ! ಆಯ್ತಣ್ಣನಿಗೆ ಫೋನು ಮಾಡಿದೆ.

"ಆಯ್ತಣ್ಣ" ಎಂದ.

ಲಾರಿ ಬಂದದ್ದು ಒಂದು ಸಂಜೆ, ಮನೆಯಲ್ಲಿ ಎಲ್ಲರೂ ಇದ್ದಾಗ. ಪೆಟ್ಟಿಗೆಗಳು ಇಳಿದವು. ನಡುಕೋಣೆಯ ಬಾಗಿಲಿಗೆ ಅಡ್ಡವಾಗಿ ಪುಟ್ಟಿ ಎರಡೂ ಕೈ ಚಾಚಿ ನಿಂತಳು. ಅವಳ ಕಣ್ಣು ನೋಡಿ ನಾನು ಪೆಟ್ಟಿಗೆಗಳನ್ನು ಹಾಲ್‌ಗೆ ತಿರುಗಿಸಿದೆ. ಹಾಲ್ ತುಂಬಿತು. ಅಮ್ಮನ ಹಾಸಿಗೆಯ ಸುತ್ತ ಕೋಟೆಯ ಹಾಗೆ ಪೆಟ್ಟಿಗೆಗಳು ಎದ್ದವು, ಟಿವಿ ಮರೆಯಾಯಿತು.

"ಇದೇನ್ರೀ?" ಎಂದಳು ಹೆಂಡತಿ.

"ಕನ್ನಡಕದ ಮಂಚ. ಮುಂದಿನ ಟ್ರೆಂಡು."

ಅವಳು ಒಂದು ಪೆಟ್ಟಿಗೆ ಬಿಚ್ಚಿ, ಮಂಚವೊಂದನ್ನು ಎತ್ತಿ, ಅತ್ತೆಯ ಮುಂದೆ ಹಿಡಿದಳು. "ಅತ್ತೆ, ಕನ್ನಡಕ ತೆಗೆದು ಇದರಲ್ಲಿ ಮಲಗಿಸಿ ನೋಡೋಣ." ಅಮ್ಮ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಗಾಳಿಯಲ್ಲಿ ತಡಕಾಡಿದರು. ಮೇಜು ಸಿಕ್ಕಿತು, ನನ್ನ ಮೂಗು ಸಿಕ್ಕಿತು, ಮಂಚ ಮಾತ್ರ ಸಿಗಲಿಲ್ಲ. "ಕನ್ನಡಕ ತೆಗೆದ ಮೇಲೆ ಮಂಚ ಎಲ್ಲಿ ಕಾಣುತ್ತೋ, ಪೆದ್ದೇ?" ಎಂದರು.

ಹೆಂಡತಿ ಮಾತ್ರ ಬೈಯಲಿಲ್ಲ. ಅದೇ ನನಗೆ ಭಯವಾಗಿದ್ದು. ಅಮ್ಮ ದಿಂಬು, ಹೊದಿಕೆ, ಹಲ್ಲು ಮೂರನ್ನೂ ಎತ್ತಿಕೊಂಡರು. "ಈ ಪೆಟ್ಟಿಗೆಗಳ ಮಧ್ಯೆ ನಾನು ಮಲಗಲ್ಲಮ್ಮ. ಎಡವಿ ಬಿದ್ರೆ ಆಮೇಲೆ ಕಾಲೂ ತೆಗೆದು ತೊಟ್ಟಿಲಲ್ಲಿಡಬೇಕಾಗುತ್ತೆ" ಎಂದು ಸೀದಾ ನಮ್ಮ ಮಲಗುವ ಕೋಣೆಗೆ ನಡೆದರು. ಹೆಂಡತಿ ಅವರ ಹಾಸಿಗೆ ಹೊತ್ತುಕೊಂಡು ಹಿಂದೆಯೇ ಹೋದಳು. ತೊಟ್ಟಿಲಿನ ವ್ಯಾಪಾರ ಶುರುವಾದಂದಿನಿಂದ ಅತ್ತೆ ಸೊಸೆಗೆ ಬಿಡಿಸಲಾರದ ಸ್ನೇಹ. ಒಳಗಿನಿಂದ ಇಬ್ಬರೂ ಗುಸುಗುಸು ಮಾತಾಡಿ ನಗುವುದು ಕೇಳಿಸಿತು.

ಊಟವಾದ ಮೇಲೆ ನಾನು ಎಂದಿನಂತೆ ಮಲಗುವ ಕೋಣೆಗೆ ಹೋದೆ. ಬಾಗಿಲಲ್ಲೇ ಹೆಂಡತಿ ನನ್ನ ದಿಂಬು ಹಿಡಿದುಕೊಂಡು ನಿಂತಿದ್ದಳು.

"ಎಲ್ಲಿಗೆ ಬಂದ್ರಿ?"

"ಮಲಗೋಕೆ ಕಣೇ."

"ನಿಮ್ಮ ಹಾಸಿಗೆ ಹಾಲ್‌ನಲ್ಲಿ ಹಾಕಿದ್ದೀನಿ."

"ಅಲ್ಲಿ ಪೆಟ್ಟಿಗೆಗಳಿವೆಯಲ್ಲೇ!"

"ಅದಕ್ಕೇ ಹಾಕಿದ್ದು" ಎಂದು ದಿಂಬನ್ನು ನನ್ನ ಕೈಗಿಟ್ಟಳು. "ಮಾರಾಟ ಆಗದ ಸ್ಟಾಕೆಲ್ಲ ಒಂದೇ ಕಡೆ ಇರಲಿ."